ಗಾಗಲ್ಸ್ ತಿಂದುಹಾಕಿದ ಮೂರು ನಿಮಿಷ

1 ಗಂಟೆ 13 ನಿಮಿಷ. ಗೋವಾದ ಮಿರಾಮಾರ್ ಬೀಚಿನಲ್ಲಿ ನೀರಿಂದ ಎದ್ದು ಬಂದಾಗ ನನ್ನ ವಾಚ್ ತೋರಿಸಿದ್ದು ಅಷ್ಟು. 70.3 ಟ್ರಯಥ್ಲಾನ್‌ನಲ್ಲಿ 1.9 ಕಿಲೋಮೀಟರ್ ಈಜೋಕೆ ಕೊಡೋದು 1 ಗಂಟೆ 10 ನಿಮಿಷ. ಆಮೇಲೆ 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಅವೆರಡೂ ನನ್ನ ಪಾಲಿಗೆ ಅಲ್ಲೇ ಮುಗಿದಿದ್ದವು. ವಾಲಂಟಿಯರ್ ಹುಡುಗಿಯೊಬ್ಬಳು ಬಗ್ಗಿ ನನ್ನ ಕಾಲಿನ ಟೈಮಿಂಗ್ ಚಿಪ್ ಬಿಚ್ಚಿಕೊಂಡಳು. ಪಾಪ, ಅವಳ ಮುಖ ನನಗಿಂತ ಸಣ್ಣಗಾಗಿತ್ತು. ಬೇಲಿಯ ಆಚೆ ನಿಂತಿದ್ದ ಆರು ವರ್ಷದ ಮಗ ಜೋರಾಗಿ ಕೇಳಿದ: "ಅಮ್ಮಾ, ಸೈಕಲ್ ಯಾವಾಗ ಹೊಡೀತೀಯಾ?"

ಏಳು ತಿಂಗಳು ಬೆಳಗ್ಗೆ ಐದಕ್ಕೆ ಎದ್ದಿದ್ದೆ. ಮಗನ ಟಿಫಿನ್ ಬಾಕ್ಸ್, ಆಫೀಸಿನ ಒಂಬತ್ತೂವರೆ ಮೀಟಿಂಗ್, ಮಧ್ಯೆ ಕಾರ್ಪೊರೇಷನ್ ಈಜುಕೊಳದಲ್ಲಿ ಒಂದೊಂದು ಗಂಟೆ. ಕೈ ಸೋತಿರಲಿಲ್ಲ, ಉಸಿರು ಸೋತಿರಲಿಲ್ಲ. ಸೋತಿದ್ದು ಕಣ್ಣು. ಅದೂ ಹಿಂದಿನ ಸಂಜೆ ಆಸೆಬಿದ್ದು ಕೊಂಡ ಒಂದು ಜೊತೆ ಗಾಗಲ್ಸ್‌ನಿಂದ.

ನಾನು ಐದನೇ ಕ್ಲಾಸಿಂದ ಕನ್ನಡಕದವಳು. ಬಲಗಣ್ಣು ಮೈನಸ್ 4.5, ಎಡಗಣ್ಣು ಮೈನಸ್ 5.25, ಅದರ ಜೊತೆ ಸ್ವಲ್ಪ ಸಿಲಿಂಡರ್ ಪವರ್. ಕನ್ನಡಕ ತೆಗೆದರೆ ಎದುರಿಗೆ ಬರ್ತಿರೋದು ಗಂಡನೋ ವಾಚ್‌ಮನ್ನೋ ಗೊತ್ತಾಗಲ್ಲ. ಕೊಳದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು, ಮೇಲೆ 350 ರೂಪಾಯಿಯ ಮಾಮೂಲಿ ಗಾಗಲ್ಸ್ ಹಾಕ್ಕೊಂಡು ಈಜ್ತಿದ್ದೆ. ಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತೆ, ಹಗ್ಗ ಕಟ್ಟಿರ್ತಾರೆ. ದಾರಿ ತಪ್ಪಬೇಕು ಅಂದ್ರೂ ತಪ್ಪಲ್ಲ.

ರೇಸಿನ ಹಿಂದಿನ ದಿನ ಅಂಗಡಿಯೊಂದರಲ್ಲಿ ಕನ್ನಡಿಯ ಥರ ಹೊಳೆಯೋ ಕಪ್ಪು ಗಾಗಲ್ಸ್ ಕಂಡಿತು. ಫೋಟೋಗಳಲ್ಲಿ ಎಲ್ಲಾ ಟ್ರಯಥ್ಲೀಟುಗಳೂ ಅದನ್ನೇ ಹಾಕಿರ್ತಾರಲ್ಲ! ತಗೊಂಡೆ. ಹೋಟೆಲ್ ರೂಮಲ್ಲಿ ಒಳಗಡೆ ಒಂದು ಬೆರಳಿನ ಗುರುತು ಕಂಡಿತು ಅಂತ ಟಿಶ್ಯೂ ಪೇಪರಲ್ಲಿ ಚೆನ್ನಾಗಿ ಉಜ್ಜಿದೆ. ಮಂಜು ಹಿಡಿಯದ ಹಾಗೆ ಹಚ್ಚಿರೋ ಪದರವನ್ನ ನಾನೇ ಕಿತ್ತು ಹಾಕ್ತಿದ್ದೀನಿ ಅಂತ ಆಗ ಗೊತ್ತಿರಲಿಲ್ಲ. ಬೆಳಗ್ಗೆ ಮುಖಕ್ಕೆಲ್ಲ ಸನ್‌ಸ್ಕ್ರೀನ್ ಬಳಿದು, ಅದರ ಮೇಲೆ ಗಾಗಲ್ಸ್ ಒತ್ತಿದೆ. ಒಂದು ಬೆಳಗ್ಗೆಯಲ್ಲಿ ಎಷ್ಟು ತಪ್ಪು ಮಾಡಬಹುದೋ ಅಷ್ಟೂ ಮಾಡಿ ನೀರಿಗಿಳಿದೆ.

ಮೋಡ ಕವಿದ ಬೆಳಗು. ಆ ಕಪ್ಪು ಗಾಜಿನೊಳಗೆ ಪೂರ್ತಿ ರಾತ್ರಿ. ಬಲೂನಿನಂತೆ ಊದಿದ ಕಿತ್ತಳೆ ಬಣ್ಣದ ಬೋಯ್ ತೇಲಿಬಿಟ್ಟಿರ್ತಾರೆ, ಅದನ್ನೇ ಗುರುತಿಟ್ಟುಕೊಂಡು ಹೋಗಬೇಕು. ನನಗೆ ಕಿತ್ತಳೆಯೂ ಇಲ್ಲ, ಬಲೂನೂ ಇಲ್ಲ. ಹತ್ತು ನಿಮಿಷಕ್ಕೆ ಒಳಗೆ ಮಂಜು. ಇಪ್ಪತ್ತು ನಿಮಿಷಕ್ಕೆ ಎಡಗಡೆ ಸನ್‌ಸ್ಕ್ರೀನ್ ಜಾರಿ ಉಪ್ಪುನೀರು ಒಳಗೆ ಬಂತು. ಕಣ್ಣು ಉರಿದು ಪಿಳಿಪಿಳಿ ಮಾಡಿದೆ, ಕಾಂಟ್ಯಾಕ್ಟ್ ಲೆನ್ಸ್ ಮಡಚಿಕೊಂಡು ಎಲ್ಲೋ ಹೋಯ್ತು. ಉಳಿದಿದ್ದು ಒಂದೂವರೆ ಕಣ್ಣು ಅಂತಲೂ ಹೇಳೋಕಾಗಲ್ಲ. ಕಯಾಕ್‌ನಲ್ಲಿದ್ದವರು ಸೀಟಿ ಊದಿ, ಹುಟ್ಟು ತೋರಿಸಿ "ಲೆಫ್ಟ್, ಲೆಫ್ಟ್" ಅಂತ ಮೂರು ಸಲ ದಾರಿಗೆ ತಂದರು. ಆಮೇಲೆ ವಾಚ್ ನೋಡಿದರೆ 2.3 ಕಿಲೋಮೀಟರ್ ಈಜಿದ್ದೆ. 400 ಮೀಟರ್ ಬಿಟ್ಟಿ ಚಾಕರಿ! ಅದೇ ವೇಗದಲ್ಲಿ ನೇರ ಹೋಗಿದ್ದರೆ ಒಂದು ಗಂಟೆಗೇ ದಡದಲ್ಲಿರ್ತಿದ್ದೆ.

ಬೆಂಗಳೂರಿಗೆ ಬಂದ ಮೇಲೂ ಕಣ್ಣಿನ ಕೆಂಪು ಇಳಿಯಲಿಲ್ಲ. ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. "ಲೆನ್ಸ್ ಹಾಕ್ಕೊಂಡು ನೀರಿಗಿಳಿದ್ರಾ?" ಅಂತ ಕೇಳಿದವರು ಐದು ನಿಮಿಷ ಬೈದರು. ನೀರಿನಲ್ಲಿ ಅಕಾಂತಮೀಬ ಅನ್ನೋ ಸೂಕ್ಷ್ಮಜೀವಿ ಇರುತ್ತಂತೆ. ಕೆರೆ, ಈಜುಕೊಳ, ನಲ್ಲಿ ನೀರಲ್ಲೂ. ಲೆನ್ಸಿನ ಅಡಿ ಸೇರಿಕೊಂಡು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹತ್ತಿಕೊಂಡರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ದೃಷ್ಟಿಯೇ ಹೋಗಬಹುದು. ನನಗೆ ಬರೀ ತರಚಿದ ಗಾಯ, ಒಂದು ವಾರದ ಡ್ರಾಪ್ಸ್. ಅಷ್ಟು ವರ್ಷ ಅದೃಷ್ಟದ ಮೇಲೆ ಈಜಿದ್ದೆ ಅನ್ನಿಸಿ ಹೊಟ್ಟೆ ತಣ್ಣಗಾಯಿತು.

ನೀರೊಳಗೆ ಕಣ್ಣು ಬಿಟ್ಟರೆ ಎಲ್ಲಾ ಕಲಸಿಹೋದಂತೆ ಯಾಕೆ ಕಾಣುತ್ತೆ ಅಂತಲೂ ಅವರೇ ಹೇಳಿದ್ದು. ನಮ್ಮ ಕಣ್ಣು ಬೆಳಕನ್ನ ಬಾಗಿಸೋ ಕೆಲಸದ ಹೆಚ್ಚಿನ ಪಾಲು ಮಾಡೋದು ಗಾಳಿ ಮತ್ತು ಆ ಮುಂದಿನ ಪದರ ಸೇರೋ ಜಾಗದಲ್ಲಿ. ಗಾಳಿಯ ಬದಲು ನೀರು ತಾಗಿದರೆ ಆ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತೆ. ಗಾಗಲ್ಸ್ ಮಾಡೋದು ಇಷ್ಟೇ, ಕಣ್ಣಿನ ಮುಂದೆ ಒಂದು ಚೂರು ಗಾಳಿಯನ್ನ ವಾಪಸ್ ತಂದಿಡೋದು. ಈಗ ಹೇಳಿ, ಆ ಗಾಳಿಯ ಡಬ್ಬಿಗೆ ಎಷ್ಟು ಬೆಲೆ ಕೊಡಬೇಕು?

ಪವರ್ ಇರೋ ಗಾಗಲ್ಸ್ ಸಿಗುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ನೋಡಿ. ಸಾಮಾನ್ಯವಾಗಿ ಅರ್ಧರ್ಧ ಪವರ್ ಅಂತರದಲ್ಲಿ ಸಿದ್ಧವಾಗಿ ಬರುತ್ತೆ. ಕೆಲವು ಮಾಡೆಲ್‌ಗಳಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರ್, ಕೆಲವದರಲ್ಲಿ ಎಡ ಬಲ ಬೇರೆ ಬೇರೆ ಕೊಂಡು ಜೋಡಿಸಬಹುದು. ಸಿದ್ಧ ಲೆನ್ಸ್‌ಗಳಲ್ಲಿ ಸಿಲಿಂಡರ್ ಸಿಗಲ್ಲ. ಅದರ ಅರ್ಧವನ್ನ ಮುಖ್ಯ ಪವರಿಗೆ ಸೇರಿಸಿ ಹತ್ತಿರದ ನಂಬರ್ ತಗೋಬೇಕು. ನನ್ನ ಎಡಗಣ್ಣಿನ ಲೆಕ್ಕ ಹಾಗೆ 5.5ಕ್ಕೆ ಬಂತು. ಲೆಕ್ಕ ಡಾಕ್ಟರ್ ಹತ್ತಿರವೇ ಮಾಡಿಸಿಕೊಳ್ಳಿ. 1,800 ರೂಪಾಯಿ ಆಯ್ತು. ಮೊದಲ ಸಲ ಹಾಕ್ಕೊಂಡು ಕೊಳಕ್ಕೆ ಇಳಿದಾಗ ಆ ತುದಿಯ ಗೋಡೆಯ ಗಡಿಯಾರ ಕಂಡಿತು! ಮೂರು ವರ್ಷ ಅಲ್ಲಿ ಈಜಿದ್ದೀನಿ, ಅಲ್ಲೊಂದು ಗಡಿಯಾರ ಇದೆ ಅಂತಲೇ ಗೊತ್ತಿರಲಿಲ್ಲ.

ಆದರೆ ಪವರ್ ಸರಿಯಾದರೆ ಸಾಲದು, ಮುಖಕ್ಕೆ ಕೂರಬೇಕು. ನನ್ನ ಕೋಚ್ ಕಲಿಸಿದ ಪರೀಕ್ಷೆ ಇದು. ಹಿಂದಿನ ಪಟ್ಟಿ ಹಾಕದೆ ಗಾಗಲ್ಸನ್ನ ಕಣ್ಣಿನ ಸುತ್ತ ಮೆಲ್ಲಗೆ ಒತ್ತಿ, ಕೈ ಬಿಡಿ. ಎರಡು ಮೂರು ಸೆಕೆಂಡ್ ತಾನಾಗೇ ಅಂಟಿಕೊಂಡು ನಿಂತರೆ ಅದು ನಿಮ್ಮದು. ತಕ್ಷಣ ಕೈಗೆ ಬಿದ್ದರೆ ಎಷ್ಟೇ ಡಿಸ್ಕೌಂಟ್ ಇದ್ದರೂ ಅಲ್ಲೇ ಇಟ್ಟು ಬನ್ನಿ. ಪಟ್ಟಿ ಬಿಗಿ ಮಾಡಿದರೆ ಸೋರೋದು ನಿಲ್ಲುತ್ತೆ ಅನ್ನೋದು ಸುಳ್ಳು. ಬಿಗಿ ಜಾಸ್ತಿಯಾದರೆ ಸುತ್ತಲಿನ ಸಿಲಿಕೋನ್ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತೆ, ತಲೆನೋವು ಬೇರೆ. ಮೂಗಿನ ಸೇತುವೆಯನ್ನೂ ನೋಡ್ಕೊಳ್ಳಿ. ನನ್ನದು ಗಿಡ್ಡ ಮೂಗು, ಅಗಲ ಜಾಸ್ತಿ. ಬೇರೆ ಬೇರೆ ಅಳತೆಯ ಸೇತುವೆ ತುಂಡುಗಳನ್ನ ಜೊತೆಗೆ ಕೊಡೋ ಮಾಡೆಲ್ಲೇ ಬೇಕಾಯ್ತು.

ಸ್ವೀಡಿಷ್ ಗಾಗಲ್ಸ್ ಅಂತೊಂದಿದೆ. ಅಂಚಿಗೆ ಮೆತ್ತೆಯೇ ಇಲ್ಲದ ಚಿಕ್ಕ ಪ್ಲಾಸ್ಟಿಕ್ ಬಟ್ಟಲುಗಳು, ದಾರ ಪೋಣಿಸಿ ನಾವೇ ಜೋಡಿಸಬೇಕು. ಕೊಳದ ರೇಸಿನವರಿಗೆ ಅದು ಪ್ರಾಣ. ಒಂದು ಗಂಟೆ ಸಮುದ್ರದಲ್ಲಿ ಹಾಕ್ಕೊಂಡು ನೋಡಿದೆ, ಹುಬ್ಬಿನ ಮೂಳೆ ಎರಡು ದಿನ ನೋಯ್ತು. ಇನ್ನೊಂದು ತುದಿಯಲ್ಲಿ ಅರ್ಧ ಮುಖ ಮುಚ್ಚೋ ಮಾಸ್ಕ್ ಥರದ್ದು. ಅಗಲವಾಗಿ ಕಾಣುತ್ತೆ, ಕಣ್ಣಿನ ಮೇಲೆ ಒತ್ತಡ ಕಡಿಮೆ, ಆದರೆ ಜನಜಂಗುಳಿಯಲ್ಲಿ ಯಾರದ್ದಾದರೂ ಕಾಲು ತಾಗಿದರೆ ಸುಲಭವಾಗಿ ಕಿತ್ತುಬರುತ್ತೆ. ನನ್ನದು ಮಧ್ಯದ್ದು. (ಗ್ಲೂಕೋಮಾ ಇರೋರು ಕಣ್ಣಿನ ಗುಳಿಯೊಳಗೆ ಕೂರೋ ಚಿಕ್ಕ ಗಾಗಲ್ಸ್ ಹಾಕೋ ಮೊದಲು ಡಾಕ್ಟರನ್ನ ಕೇಳಲೇಬೇಕು. ಅದು ಕಣ್ಣಿನ ಒಳಗಿನ ಒತ್ತಡ ಏರಿಸಬಹುದು.)

ಇದೆಲ್ಲ ಓದ್ತಾ ಗರ್ಟ್ರೂಡ್ ಎಡರ್ಲೆ ಕಥೆ ಸಿಕ್ಕಿತು. 1926ರಲ್ಲಿ ಇಂಗ್ಲಿಷ್ ಕಾಲುವೆ ಈಜಿದ ಮೊದಲ ಹೆಣ್ಣುಮಗಳು. ಆಕೆ ಹಾಕಿದ್ದು ಮೋಟಾರ್‌ಸೈಕಲ್ ಸವಾರರ ಕನ್ನಡಕ, ಅಂಚಿಗೆ ಮೇಣ ಮೆತ್ತಿ ನೀರು ಬರದ ಹಾಗೆ ಮಾಡಿಕೊಂಡಿದ್ದು. 14 ಗಂಟೆಗೂ ಹೆಚ್ಚು ಹೊತ್ತು! ಇನ್ನು ಮೈಕಲ್ ಫೆಲ್ಪ್ಸ್, 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈನಲ್ಲಿ ಗಾಗಲ್ಸ್ ತುಂಬಾ ನೀರು ತುಂಬಿ ಏನೂ ಕಾಣದೆ, ಕೈ ಬೀಸಿದ್ದನ್ನ ಎಣಿಸಿಕೊಂಡೇ ಈಜಿ ವಿಶ್ವದಾಖಲೆ ಮಾಡಿದ. ಗಂಡ ಇದನ್ನ ನನಗೆ ಸಮಾಧಾನ ಹೇಳೋಕೆ ಅಂತ ಓದಿಹೇಳಿದರು. ಸಮಾಧಾನ ಆಗಲಿಲ್ಲ. ಅವನ ಕೊಳದಲ್ಲಿ ಗೋಡೆ ಇತ್ತಲ್ಲ?

ಗಾಜಿನ ಬಣ್ಣದ ವಿಷಯದಲ್ಲಿ ನಾನು ಕಲಿತಿದ್ದು ನಮ್ಮ ಕರಾವಳಿಯಿಂದಲೇ. ಡಿಸೆಂಬರಿನಲ್ಲಿ ಮಂಗಳೂರಿನ ತಣ್ಣೀರುಬಾವಿ ಬೀಚಿಗೆ ಎರಡು ವಾರಾಂತ್ಯ ಹೋಗಿ, ಅಲ್ಲಿ ದಿನಾ ಈಜೋ ಗುಂಪಿನ ಜೊತೆ ಇಳಿದೆ. ಒಬ್ಬರೇ ಹೋಗಲೇಬೇಡಿ. ನಮ್ಮ ಸಮುದ್ರ ಪಶ್ಚಿಮಕ್ಕೆ. ಬೆಳಗ್ಗೆ ಒಳಗೆ ಹೋಗುವಾಗ ಸೂರ್ಯ ಬೆನ್ನಿಗೆ, ವಾಪಸ್ ಬರುವಾಗ ನೇರ ಕಣ್ಣಿಗೆ. ಅಂದರೆ ಹೋಗುವಾಗ ತಿಳಿಗಾಜು ಬೇಕು, ಬರುವಾಗ ಕಪ್ಪು ಬೇಕು, ಇರೋದು ಒಂದೇ ಜೊತೆ. ಮೊದಲ ವರ್ಷದ ಆ ಕನ್ನಡಿ ಗಾಗಲ್ಸ್ ಬರುವ ದಾರಿಗೆ ನಿಜಕ್ಕೂ ಸರಿಯಾಗೇ ಇತ್ತು. ಪೂರ್ತಿ ಬಿಸಿಲಿಗೆ ಅದೇ ಸರಿ. ನೀರಿನ ಮೇಲಿನ ಥಳಥಳ ಕಡಿಮೆ ಮಾಡೋಕೆ ಪೋಲರೈಸ್ಡ್ ಗಾಜೂ ಇದೆ, ಬಿಸಿಲಿಗೆ ತಾನೇ ಕಪ್ಪಾಗೋದೂ ಇದೆ, ಆದರೆ ನನ್ನ ಪವರಿನಲ್ಲಿ ಅವು ಸಿಗಲಿಲ್ಲ. ಕೊನೆಗೆ ತಿಳಿ ಹೊಗೆಬಣ್ಣದ ಗಾಜಿಗೆ ಒಪ್ಪಿಕೊಂಡೆ. ಮಬ್ಬಿನಲ್ಲೂ ದಾರಿ ಕಾಣುತ್ತೆ, ಬಿಸಿಲಿಗೆ ಸ್ವಲ್ಪ ಕಣ್ಣು ಕಿರಿದು ಮಾಡಿದರಾಯ್ತು.

ಮಂಜಿಗೆ ಮದ್ದು ಇಷ್ಟೇ: ಒಳಗೆ ಬೆರಳು ಹಾಕಬೇಡಿ. ಹಳತಾದ ಮೇಲೆ ಒಂದು ಹನಿ ಬೇಬಿ ಶಾಂಪೂ ಸವರಿ, ಬೇಗ ತೊಳೆದು ಹಾಕ್ಕೊಳ್ಳಿ. ಗಾಜನ್ನ ಮೊದಲೇ ನೀರಿನಲ್ಲಿ ಅದ್ದಿಕೊಂಡರೂ ಮಂಜು ತಡವಾಗಿ ಕೂರುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ರಬ್ಬರ್ ಸತ್ತುಹೋಗುತ್ತೆ.

ಇಷ್ಟೆಲ್ಲ ಕಲಿತು ಊರಿಗೆ ಹೋದಾಗ ಅಪ್ಪನಿಗೆ ಹೊಸ ಗಾಗಲ್ಸ್ ತೋರಿಸಿದೆ. ಅಪ್ಪ ತೀರ್ಥಹಳ್ಳಿಯಲ್ಲಿ ಬೆಳೆದವರು, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಗೆಯಲ್ಲಿ ಈಜು ಕಲಿತವರು. ಅವರ ಕಾಲದಲ್ಲಿ ಕಣ್ಣು ಎಷ್ಟು ಕೆಂಪಗಿದೆಯೋ ಅಷ್ಟು ಈಜಿದ ಲೆಕ್ಕ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮ ಒಳಗಿಂದ, "ಕಣ್ಣೇ ಕಾಣದವಳು ಸಮುದ್ರಕ್ಕೆ ಯಾಕೆ ಇಳೀಬೇಕೋ" ಅಂದಳು.

"ಬೋಯ್ ನೋಡ್ಕೊಂಡು ಹೋಗ್ತೀಯಾ?" ಅಪ್ಪ ಕೇಳಿದರು.

"ಹೂಂ. ಎಂಟು ಹತ್ತು ಸಲ ಕೈ ಬೀಸಿ ಒಂದ್ಸಲ ತಲೆ ಎತ್ತಿ ನೋಡ್ಬೇಕು. ಅಲೆ ಬಂದ್ರೆ ಕಾಣಲ್ಲ."

"ನೀರ ಮೇಲಿರೋದು ಅಲೆ ಬಂದ್ರೆ ಕಾಣಲ್ಲ ಕಣೇ. ಹೊಳೆ ದಾಟುವಾಗ ನಾವು ನೀರು ನೋಡ್ತಿರ್ಲಿಲ್ಲ. ಆಚೆ ದಡದಲ್ಲಿ ಎತ್ತರದ್ದು ಒಂದು ಮರ ಹಿಡ್ಕೊಳ್ತಿದ್ವಿ. ಮೊದ್ಲೇ ದಡದಲ್ಲಿ ನಿಂತು ಮರ ಆರಿಸ್ಕೋಬೇಕು."

ನನ್ನ ಕೋಚ್ ಕೂಡ ಇದನ್ನೇ ಹೇಳಿದ್ದರು. ನಾನು ಕಿವಿಗೆ ಹಾಕ್ಕೊಂಡಿರಲಿಲ್ಲ, ಮರ ಕಾಣದ ಕಣ್ಣಿಗೆ ಆ ಮಾತು ಯಾಕೆ ಅಂತ.

ಮುಂದಿನ ವರ್ಷ ಮತ್ತೆ ಮಿರಾಮಾರ್. ಹತ್ತು ಸಲ ಹಾಕಿ ಪಳಗಿಸಿದ ಗಾಗಲ್ಸ್. ಮೊದಲು ಒಂದು ಕ್ಯಾಪ್, ಅದರ ಮೇಲೆ ಗಾಗಲ್ಸ್ ಪಟ್ಟಿ, ಅದರ ಮೇಲೆ ರೇಸಿನ ಕ್ಯಾಪ್; ಯಾರು ಒದ್ದರೂ ನೀರುಪಾಲಾಗಲ್ಲ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಕೈ ತೊಳೆದು, ಕಣ್ಣಿನ ಸುತ್ತ ಒರೆಸಿಕೊಂಡೆ. ಹಿಂದಿನ ಸಂಜೆ ಅಪ್ಪನ ಜೊತೆ ಮರಳಲ್ಲಿ ನಿಂತು ಫಿನಿಶ್ ಕಮಾನಿನ ಹಿಂದೆ ಇದ್ದ ಗಾಳಿಮರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನ ಆರಿಸಿಟ್ಟಿದ್ದೆ. ಹೌದು, ಅಪ್ಪನೂ ಬಂದಿದ್ದರು, ಅಮ್ಮನ ಬೈಗುಳ ಕಟ್ಟಿಕೊಂಡು.

ಹೋಗುವಾಗ ಕಿತ್ತಳೆ ಬೋಯ್ ಒಂದೊಂದಾಗಿ ಕಂಡವು. ಕೊನೆಯ ತಿರುವು ದಾಟಿ ದಡದ ಕಡೆ ಮುಖ ಮಾಡಿದಾಗ ಸೂರ್ಯ ನೇರ ಕಣ್ಣಿಗೆ ಹೊಡೆಯಿತು. ಕಮಾನು ಕಾಣಲಿಲ್ಲ, ಬೋಯ್ ಕಾಣಲಿಲ್ಲ, ಎಲ್ಲಾ ಬಿಳಿ. ಆ ಬಿಳಿಯ ಮೇಲೆ, ತುದಿ ಸ್ವಲ್ಪ ಎಡಕ್ಕೆ ವಾಲಿದ ಒಂದು ಕಪ್ಪು ಗೆರೆ.

1 ಗಂಟೆ 4 ನಿಮಿಷ.

ಎಲ್ಲರೂ ನೀರಿಂದ ಏಳ್ತಿದ್ದ ಹಾಗೆ ಗಾಗಲ್ಸ್ ಹಣೆಗೇರಿಸಿ ಓಡ್ತಾರೆ. ನಾನು ತೆಗೆಯೋ ಹಾಗಿಲ್ಲ, ತೆಗೆದರೆ ನನ್ನ ಸೈಕಲ್ ಯಾವುದು ಅಂತ ಗೊತ್ತಾಗಲ್ಲ. ಸಾಲಿನ ಕೊನೆಯವರೆಗೂ ಗಾಗಲ್ಸ್ ಹಾಕ್ಕೊಂಡೇ ಕಪ್ಪೆಯ ಹಾಗೆ ಓಡಿದೆ. ಮಗ ಬಿದ್ದು ಬಿದ್ದು ನಗ್ತಿದ್ದ. ಹೆಲ್ಮೆಟ್ ಒಳಗೆ ಇಟ್ಟಿದ್ದ ಕನ್ನಡಕ ತೆಗೆದು ಹಾಕ್ಕೊಂಡು ಸೈಕಲ್ ಹಿಡಿದಾಗ ಬೇಲಿಯ ಆಚೆಯಿಂದ ಅಪ್ಪನ ದನಿ:

"ಮರ ಸಿಕ್ತೇನೇ?"

"ಸಿಕ್ತು ಅಪ್ಪಾ!" ಅಂತ ಕೂಗಿ ಪೆಡಲ್ ತುಳಿದೆ. ಇನ್ನೂ 90 ಕಿಲೋಮೀಟರ್ ಇತ್ತು.