ಹಕ್ಕಲು

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ನಮ್ಮ ಕುಡತಿನಿಗಿಂತ ಮೊದಲು ಅದರ ಚಿಮಣಿಗಳೇ ಕಾಣ್ತವೆ. 500, 500, 700, ಒಟ್ಟು 1,700 ಮೆಗಾವಾಟ್. ನಾವು ನಾಲ್ವರೂ ಎಲೆಕ್ಟ್ರಿಕಲ್ ವಿಭಾಗದವರು, ಈ ಲೆಕ್ಕ ಬಾಯಿಪಾಠ. ಊರ ಹತ್ತಿರ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿದಿಬ್ಬವೂ ಇದೆ. ಅಂದೂ ಬೂದಿ, ಇಂದೂ ಬೂದಿ ಅಂತ ಗೆಳೆಯರು ರೇಗಿಸ್ತಾರೆ, ರೇಗಿಸಲಿ. ನಾವು ಬರೆಯಹೊರಟಿದ್ದು ಸುಗ್ಗಿ ಮುಗಿದ ಹೊಲದಲ್ಲಿ ಉಳಿಯುವ ಕಾಳಿನ ಬಗ್ಗೆ.

ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಒಂದಿಷ್ಟು ಕಾಯಿ ಉಳೀತಾವೆ. ಜೋಳ ಕೊಯ್ದ ಮೇಲೆ ಅಲ್ಲಲ್ಲಿ ತೆನೆ ಬಿದ್ದಿರ್ತವೆ. ಅದನ್ನು ಆರಿಸಿಕೊಳ್ಳೋದೇ ಹಕ್ಕಲಾಯೋದು. ಆಯೋರು ಹೆಚ್ಚಾಗಿ ಹೊಲ ಇಲ್ಲದ ಹೆಣ್ಣುಮಕ್ಕಳು, ಮುದುಕಿಯರು, ಹುಡುಗರು. ಹೊಲದ ಯಜಮಾನ ಒಳ್ಳೆಯವನಾದರೆ "ಆರಿಸ್ಕೋರವ್ವ" ಅಂತಿದ್ದ. ಸಿಟ್ಟಿನವನಾದರೆ ಓಡಿಸ್ತಿದ್ದ. ಹಳೆಯ ಕಾಲ ಬಂಗಾರದ್ದು ಅಂತ ನಾವೇನೂ ಹೇಳ್ತಿಲ್ಲ.

ನಮ್ಮಲ್ಲೊಬ್ಬ ಕ್ರೈಸ್ತ. ಅವನ ಮನೆಯ ಕನ್ನಡ ಬೈಬಲಿನಲ್ಲಿ ಇದೇ 'ಹಕ್ಕಲು' ಪದ ಕಂಡಾಗ ನಮಗೆ ಅಚ್ಚರಿ. ಅಚ್ಚರಿ ಯಾಕೆ ಬೇಕು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಕನ್ನಡ ಕಲಿತು ಬೈಬಲನ್ನು ಅನುವಾದಿಸಿದ್ದು ನಮ್ಮ ಬಳ್ಳಾರಿಯಲ್ಲೇ.

ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಹೊಲವನ್ನು ಅಂಚಿನ ತನಕ ಕೊಯ್ಯಬೇಡ, ಉದುರಿದ್ದನ್ನು ಆಯಬೇಡ, ಅದನ್ನು ಬಡವರಿಗೂ ಪರದೇಶಿಗೂ ಬಿಡು ಅನ್ನೋದು ಅದರ ತಾತ್ಪರ್ಯ. ಧರ್ಮೋಪದೇಶಕಾಂಡ ಇನ್ನೂ ಒಂದು ಹೆಜ್ಜೆ ಮುಂದೆ: ಮರೆತು ಬಂದ ಸಿವುಡಿಗಾಗಿ ಹೊಲಕ್ಕೆ ವಾಪಸ್ ಹೋಗಲೂಬಾರದು. ನಮಗೆ ನಾಟಿದ್ದು ಇಲ್ಲಿ. ಇದು 'ಕೊಡು' ಅನ್ನೋ ಮಾತಲ್ಲ, 'ಬಿಡು' ಅನ್ನೋ ಮಾತು. ಅಂಚಿನ ಬೆಳೆ ಯಜಮಾನನ ದಯೆ ಅಲ್ಲ. ಬಂದವರು ತಾವೇ ಬಗ್ಗಿ ಆಯ್ದು, ಮಡಿಲಿಗೆ ಕಟ್ಟಿಕೊಂಡು ಹೋಗ್ತಾರೆ. ಯಾರ ಮುಂದೆಯೂ ಕೈ ಒಡ್ಡೋ ಹಾಗಿಲ್ಲ.

ರೂತಳ ಕಥೆಯೂ ಹಾಗೇ. ಗಂಡ ಸತ್ತವಳು, ಮೋವಾಬ್ ದೇಶದವಳು, ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು ಜವೆಗೋಧಿ ಹೊಲದಲ್ಲಿ ಹಕ್ಕಲಾಯ್ತಾಳೆ. ಹೊಲದೊಡೆಯ ಬೋವಜ ಅವಳಿಗೆ ಕಾಣದಂತೆ ಆಳುಗಳಿಗೆ ಹೇಳ್ತಾನೆ: ಸಿವುಡಿನಿಂದ ಒಂದಿಷ್ಟು ತೆನೆ ಬೇಕಂತಲೇ ಬೀಳಿಸಿ, ಅವಳನ್ನು ಗದರಿಸಬೇಡಿ. ಸಂಜೆ ಬಡಿದರೆ ಇಪ್ಪತ್ತು ಲೀಟರಿನಷ್ಟು ಕಾಳು! ಕೊಟ್ಟವನು ಯಾರು ಅಂತ ಆ ಕಾಳಿನ ಮೇಲೆ ಬರೆದಿರಲಿಲ್ಲ.

ಯೇಸುವಿನ ಶಿಷ್ಯರು ಸಬ್ಬತ್ ದಿನ ಬೇರೆಯವರ ಪೈರಿನಲ್ಲಿ ತೆನೆ ಮುರೀತಾರೆ. ನೋಡಿದವರು ತಕರಾರು ಎತ್ತಿದ್ದು ಆ ದಿನದ ಬಗ್ಗೆ. ಕಳ್ಳತನ ಅಂತ ಯಾರೂ ಅನ್ನಲಿಲ್ಲ, ಹಸಿದವನಿಗೆ ಅಷ್ಟು ಸಲ್ಲಬೇಕಾದ್ದೇ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಹೇಳಿದ್ದೂ ಇದೇ ಬಗೆಯದು. ನಮ್ಮ ಕಾಲದಲ್ಲಿ ಎಡಗೈಗೆ ತಿಳಿಯೋದಿರಲಿ, ಇಡೀ ಸ್ಟೇಟಸ್ಸಿಗೇ ತಿಳೀತದೆ. ಒಂದು ಕಂಬಳಿಗೆ ಆರು ಕೈ, ನಡುವೆ ತಲೆ ತಗ್ಗಿಸಿದ ಅಜ್ಜಿ. ಕಂಬಳಿ ಬೆಚ್ಚಗಿರಬಹುದು, ಆದರೆ ಆ ಫೋಟೋ ಅಜ್ಜಿಗೆ ಯಾಕೆ ಬೇಕಿತ್ತು?

ಈಗ ನಮ್ಮೂರಿನ ವಿಷಯ. ಉಕ್ಕಿನ ಕಾರ್ಖಾನೆಗಳಿಗೆಂದು ಕುಡತಿನಿ ಸುತ್ತಮುತ್ತ ಸಾವಿರಾರು ಎಕರೆ ಹೋಯಿತು. ಕಾರ್ಖಾನೆ ಬರಲಿಲ್ಲ, 2022ರ ಡಿಸೆಂಬರಿನಲ್ಲಿ ರೈತರು ಧರಣಿ ಕೂತರು. ನ್ಯಾಯವಾದ ಬೆಲೆ ಅವರಿಗೆ ಸಿಗಲೇಬೇಕು. ಆದರೆ ಪರಿಹಾರ ಪಹಣಿ ನೋಡಿ ಬರ್ತದೆ. ಅದೇ ಹೊಲದಲ್ಲಿ ಕಳೆ ತೆಗೆದು, ಹಕ್ಕಲಾಯ್ದು ಬದುಕಿದವಳ ಹೆಸರು ಯಾವ ಪಹಣಿಯಲ್ಲಿದೆ? ಹೊಲ ಹೋದಾಗ ಅಂಚೂ ಹೋಯ್ತು. ಅಂಚಿಗೆ ಯಾರೂ ರೇಟು ಕಟ್ಟಲಿಲ್ಲ. ಅತ್ತ ಸಿರುಗುಪ್ಪದ ಭತ್ತದ ಗದ್ದೆಗೆ ಕೊಯ್ಲಿನ ಯಂತ್ರ ಬಂದಿದೆ. ಯಂತ್ರ ಕಂಡುಹಿಡಿಯೋ ನಾವು ನಷ್ಟ ಕಡಿಮೆ ಆದಷ್ಟೂ ದಕ್ಷತೆ ಹೆಚ್ಚು ಅಂತ ಪರೀಕ್ಷೆಯಲ್ಲಿ ಬರೀತೀವಿ. ಆ 'ನಷ್ಟ'ದಲ್ಲೇ ಯಾರದೋ ರಾತ್ರಿಯ ಮುದ್ದೆ ಇತ್ತು ಅನ್ನೋದು ಸಿಲೆಬಸ್ಸಿನಲ್ಲಿಲ್ಲ.

ನಮಗೆ ಹೊಲ ಇಲ್ಲ, ಸಂಘದ ಕೋಣೆಯಲ್ಲಿ ಒಂದು ಕಪಾಟಿದೆ. ಸೀನಿಯರುಗಳು ಬಿಟ್ಟುಹೋದ ಡ್ರಾಫ್ಟರ್, ಲ್ಯಾಬ್ ಕೋಟು, ಕ್ಯಾಲ್ಕುಲೇಟರ್, ಪುಸ್ತಕ ಅದರಲ್ಲಿಟ್ಟಿದ್ದೇವೆ. ಬೀಗ ಹಾಕಿಲ್ಲ, ರಿಜಿಸ್ಟರ್ ಇಟ್ಟಿಲ್ಲ. ಈ ಸೆಮಿಸ್ಟರಿನಲ್ಲಿ ಮೂರು ಕ್ಯಾಲ್ಕುಲೇಟರ್ ಹೋದವು. ಯಾರು ಒಯ್ದರು ಅಂತ ಇನ್ನೂ ಯಾರೂ ಕೇಳಿಲ್ಲ. ಕಳೆದ ವಾರ ಯಾರೋ ಎರಡು ಹೊಸ ಲ್ಯಾಬ್ ಕೋಟು ಇಟ್ಟು ಹೋಗಿದ್ದಾರೆ.