ಗೋಡೆಯ ಮೇಲಿನ ತಾರೀಖು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಅರ್ಧ ಮಾತು. ಕಟ್ಟಿದ ಮನೆಯನ್ನು ಇಟ್ಟುಕೊಂಡು ನೋಡು ಎಂಬ ಇನ್ನರ್ಧವನ್ನು ಏಕೆ ಬಿಟ್ಟರೋ ತಿಳಿಯದು. ಬಹುಶಃ ಗಾದೆ ಕಟ್ಟಿದವರು ಗಂಡಸರಿರಬೇಕು. ಕಟ್ಟುವ ಖರ್ಚು ಅವರ ಲೆಕ್ಕಕ್ಕೆ ಬರುತ್ತದೆ. ಕಟ್ಟಿದ ಮೇಲೆ ನಲವತ್ತು ವರ್ಷ ತೊಟ್ಟಿಕ್ಕುವ ನಲ್ಲಿ, ಮಳೆಗಾಲದಲ್ಲಿ ಉಬ್ಬುವ ಬಾಗಿಲು, ಸೋರುವ ಮೂಲೆ ಯಾರ ಲೆಕ್ಕಕ್ಕೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆ ಏರುತ್ತದೆ, ಇಳಿಯುತ್ತದೆ. ಸಲಹೆಯ ಧಾರಣೆ ಮಾತ್ರ ಎಂದೂ ಒಂದೇ, ಬಿಟ್ಟಿ. ಗೋಡೆಯಲ್ಲಿ ಒಂದು ಕಲೆ ಕಂಡಿತು ಎಂದು ಬಾಯಿ ಬಿಟ್ಟರೆ ಸಾಕು, ಹಾಲಿನವನಿಂದ ಹಿಡಿದು ಅರಿಸಿನ ಕುಂಕುಮಕ್ಕೆ ಬಂದವರವರೆಗೆ ಎಲ್ಲರೂ ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರು ಸಿಮೆಂಟು ಮೆತ್ತಿ ಎನ್ನುತ್ತಾರೆ, ಇನ್ನೊಬ್ಬರು ಟಾರು ಹೊಯ್ಯಿಸಿ ಎನ್ನುತ್ತಾರೆ, ಮತ್ತೊಬ್ಬರು ವಾಸ್ತು ನೋಡಿಸಿದಿರಾ ಎನ್ನುತ್ತಾರೆ. ಈಗ ಮೊಬೈಲೂ ಈ ಸಭೆಗೆ ಸೇರಿಕೊಂಡಿದೆ. ಮಾತಿಗೆ ಬರವಿಲ್ಲ. ಆದರೆ ಸಲಹೆ ಕೊಡುವ ಮೊದಲು ಆ ಗೋಡೆಯ ಹತ್ತಿರ ಹೋಗಿ, ಬಗ್ಗಿ, ಕೈಯಿಟ್ಟು ನೋಡಿದವರು ಎಷ್ಟು ಮಂದಿ?

ನೋಡುವ ವಿದ್ಯೆ ನಮಗೆ ಹೊಸದಲ್ಲ. ನನ್ನ ತವರು ತುರುವೇಕೆರೆ ಕಡೆಯ ಹಳ್ಳಿ. ಮಣ್ಣಿನ ಗೋಡೆಯ, ಹೆಂಚಿನ ಮನೆ. ಯುಗಾದಿ ಹತ್ತಿರ ಬಂತೆಂದರೆ ನಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಎಲ್ಲಿ ಮಣ್ಣು ಉದುರಿದೆ, ಎಲ್ಲಿ ಇಲಿ ತೋಡಿದೆ, ಎಲ್ಲಿ ಗೆದ್ದಲು ಹತ್ತಿದೆ, ಎಲ್ಲಾ ಆ ಒಂದು ಸುತ್ತಿನಲ್ಲಿ ಅವರ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಮಣ್ಣು ಕಲಸಿ ಮೆತ್ತುವುದು, ಸುಣ್ಣ ಬಳಿಯುವುದು, ನೆಲಕ್ಕೆ ಸಗಣಿ ಸಾರಿಸುವುದು. ವರ್ಷಕ್ಕೊಮ್ಮೆ ಇಡೀ ಮನೆ ರಿಪೇರಿಯಾಗುತ್ತಿತ್ತು. ಆದರೆ ಅದಕ್ಕೆ ಯಾರೂ ರಿಪೇರಿ ಎನ್ನುತ್ತಿರಲಿಲ್ಲ. ಹಬ್ಬದ ಕೆಲಸ ಎನ್ನುತ್ತಿದ್ದರು. ಮುಂಗಾರಿಗೆ ಮುಂಚೆ ಆಳು ಬಂದು ಹೆಂಚು ಕೈಯಾಡಿಸಿದರೆ ಅದು ಕೂಲಿ ಕೊಡಬೇಕಾದ ಕೆಲಸ; ಅಮ್ಮ ಮಾಡಿದ್ದು ಹಬ್ಬ.

ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ಕರಾವಳಿ ದಾಟಿ ನಮ್ಮ ಬಯಲುಸೀಮೆಗೂ ಬಂತು. ಒಡೆದದ್ದು ಯಾವುದೆಂದು ಒಳಗೆ ನಿಂತು ಮೇಲೆ ನೋಡಿದರೆ ಬೆಳಕೇ ಹೇಳುತ್ತಿತ್ತು. ಒಂದು ಹೆಂಚು ಜಾರಿಸಿ ಇನ್ನೊಂದು ಇಟ್ಟರೆ ಮುಗಿಯಿತು. ಆರ್‌ಸಿಸಿ ತಾರಸಿ ಹಾಗಲ್ಲ. ಮೇಲೆ ನೀರು ಇಳಿಯುವುದು ಒಂದು ಕಡೆ, ಕೆಳಗೆ ತೊಟ್ಟಿಕ್ಕುವುದು ಇನ್ನೊಂದು ಕಡೆ. ಕೆಳಗಿನ ಕಲೆಗೆ ನೇರ ಮೇಲೆ ಸಿಮೆಂಟು ಮೆತ್ತಿ ದುಡ್ಡು ಕಳೆದವರು ನಮ್ಮ ಬೀದಿಯಲ್ಲೇ ಹಲವರಿದ್ದಾರೆ.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ಬೇಸಿಗೆಯಲ್ಲಿ ತಾರಸಿಯ ಮೇಲೆ ಜೇಡಿಮಣ್ಣಿನಿಂದ ಸಣ್ಣ ಸಣ್ಣ ಬದು ಕಟ್ಟಿ, ಗದ್ದೆಯ ಹಾಗೆ ಭಾಗ ಮಾಡಿ, ದಿನಕ್ಕೊಂದು ಭಾಗಕ್ಕೆ ಎರಡು ಬೆರಳೆತ್ತರ ನೀರು ನಿಲ್ಲಿಸಿದರು. ಮೂರನೆಯ ದಿನ ಕೆಳಗೆ ಕಲೆ ಒದ್ದೆಯಾಯಿತು. ಯಾವ ಭಾಗವೆಂದು ಗೊತ್ತಾದ ಮೇಲೆ ಅಷ್ಟಕ್ಕೇ ಕೆಲಸ ಮಾಡಿಸಿದರೆ ಆಯಿತು. ತೆಂಗಿನ ಮರದ ಕೆಳಗೆ ಮನೆಯಿರುವ ನಮ್ಮಂಥವರು ಇದಕ್ಕೂ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ಹೊಂಬಾಳೆಯ ಹೂವು, ಹರಳು, ಗರಿಯ ಚೂರು ಎಲ್ಲಾ ತಾರಸಿಯಲ್ಲಿ ನೀರು ಹೋಗುವ ಕೊಳವೆಯ ಬಾಯಿಗೆ ಸೇರಿ ಬಿರಟೆ ಹಾಕಿದಂತಾಗುತ್ತದೆ. ತಾರಸಿ ಕೆರೆಯಾಗುತ್ತದೆ. ನಿಂತ ನೀರು ದಾರಿ ಹುಡುಕದೆ ಇರುತ್ತದೆಯೇ? ಪೊರಕೆಯೊಂದರಲ್ಲೇ ನಿಲ್ಲುವ ಸೋರಿಕೆಗಳೂ ಇವೆ ಎಂಬುದನ್ನು ಯಾವ ಅಂಗಡಿಯವನೂ ನಮಗೆ ಹೇಳುವುದಿಲ್ಲ.

ತೊಟ್ಟಿಕ್ಕುವ ನಲ್ಲಿಯದೂ ಇದೇ ಕಥೆ. ಅದನ್ನು ನಾನು ತರಗತಿಯಲ್ಲಿ ಲೆಕ್ಕವಾಗಿ ಕೊಡುತ್ತೇನೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 4,320 ಮಿಲಿಲೀಟರ್, ತಿಂಗಳಿಗೆ ಸುಮಾರು 130 ಲೀಟರ್. ಬೋರ್‌ವೆಲ್ ಬತ್ತಿದ ಊರಿನ ಮಕ್ಕಳು ಉತ್ತರ ಕಂಡು ಸುಮ್ಮನಾಗುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್, ಒಂದು ವಾಷರ್. ಹಳೆಯ ಮಾದರಿಯ ತಿರುಗಿಸುವ ನಲ್ಲಿಯಾದರೆ ಮೊದಲು ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ತಲೆ ಬಿಚ್ಚಿ, ಸವೆದ ವಾಷರ್ ತೆಗೆದು ಅದೇ ಅಳತೆಯದನ್ನು ಕೂಡಿಸಬೇಕು. ಪೈಪಿನ ಕೂಡಿಕೆಯಲ್ಲಿ ಜಿನುಗಿದರೆ ಮರೆಯ ಮೇಲೆ ಬಿಳಿ ಟೇಪನ್ನು ಮರೆ ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಮಾಡುವಾಗ ಬಿಚ್ಚಿಕೊಂಡು ಬರುತ್ತದೆ. ಇದನ್ನು ನನಗೆ ಕಲಿಸಿದವರು ಪಕ್ಕದ ಬೀದಿಯಲ್ಲಿ ಹೊಲಿಗೆ ಹಾಕುವ ಒಬ್ಬ ಹೆಣ್ಣುಮಗಳು. "ದಾರದ ಕಂಡಿಕೆ ಸುತ್ತಿದಂಗೇ ಅಲ್ವಾ ಮೇಡಂ" ಎಂದರು.

ಇಷ್ಟೆಲ್ಲಾ ಸಣ್ಣ ಕೆಲಸ. ಸಲಹೆಯಿಂದ ದೊಡ್ಡ ನಷ್ಟವಾಗಬಹುದಾದ ಪ್ರಸಂಗವೂ ನಮ್ಮ ಮನೆಗೆ ಬಂತು.

ನಮ್ಮ ಮಾವನವರು ಈ ಮನೆ ಕಟ್ಟಿಸಿದ್ದು 1986ರಲ್ಲಿ. ಗೃಹಪ್ರವೇಶದ ದಿನ ನಮ್ಮ ಅತ್ತೆ ಹಿತ್ತಲಲ್ಲಿ, ಬಚ್ಚಲ ನೀರು ಹೋಗುವ ಕಡೆ, ಒಂದು ತೆಂಗಿನ ಸಸಿ ಇಟ್ಟರು. ನಮ್ಮ ಸೀಮೆಯಲ್ಲಿ ಅದು ವಾಡಿಕೆ. ಅತ್ತೆ ಹೋಗಿ ವರ್ಷಗಳಾದರೂ ಆ ಮರದ ಕಾಯಿ ಇಲ್ಲದೆ ನಮ್ಮ ಮನೆಯಲ್ಲಿ ಹಬ್ಬವಾಗಿದ್ದಿಲ್ಲ. 2016ರ ಯುಗಾದಿಗೆ ಸುಣ್ಣ ಬಣ್ಣಕ್ಕೆಂದು ಮಂಚ ಸರಿಸಿದಾಗ ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಒಂದು ಬಿರುಕು ಕಂಡಿತು. ಕೂದಲೆಳೆಗಿಂತ ಸ್ವಲ್ಪ ದಪ್ಪ.

ಸಭೆ ಸೇರಿತು. ಎದುರು ಮನೆಯ ನಿವೃತ್ತರು ಬಂದರು, ಕೊಬ್ಬರಿ ವ್ಯಾಪಾರದ ನಮ್ಮ ಭಾವನವರು ಬಂದರು, ಮೇಸ್ತ್ರಿ ಬಂದ. ಎಲ್ಲರೂ ಕಿಟಕಿಯಿಂದಲೇ ಹಿತ್ತಲು ನೋಡಿ ಒಂದೇ ತೀರ್ಪು ಕೊಟ್ಟರು. "ಬೇರು ಪಾಯಕ್ಕೆ ಹೊಕ್ಕಿದೆ. ಮರ ತೆಗೆಸಿಬಿಡಿ." ನಮ್ಮ ಯಜಮಾನರೂ ಮನಸ್ಸಿಲ್ಲದ ಮನಸ್ಸಿನಿಂದ ಮರ ಕಡಿಯುವವನಿಗೆ ಹೇಳಿ ಕಳಿಸೋಣ ಎಂದರು. ಮನೆ ಮುಖ್ಯವೋ ಮರ ಮುಖ್ಯವೋ ಎಂದು ಕೇಳಿದರೆ ಯಾರು ತಾನೇ ಮರ ಎಂದಾರು?

ನನಗೆ ಮಾತ್ರ ಒಂದು ಪಾಠ ನೆನಪಾಯಿತು. ತೆಂಗಿಗೆ ತಾಯಿಬೇರಿಲ್ಲ. ಹುಲ್ಲಿನ ಜಾತಿಯವುಗಳ ಹಾಗೆ ಅದರದು ತಂತು ಬೇರು. ಅಶ್ವತ್ಥದ ಬೇರು ವರ್ಷವರ್ಷಕ್ಕೂ ದಪ್ಪವಾಗಿ ಕಲ್ಲನ್ನೂ ಸೀಳುತ್ತದೆ, ಅದಕ್ಕೇ ಪ್ಯಾರಾಪೆಟ್ ಗೋಡೆಯ ಮೇಲೆ ಹುಟ್ಟಿದ ಅರಳಿ ಸಸಿಯನ್ನು ಎರಡೆಲೆ ಇರುವಾಗಲೇ ಕೀಳಬೇಕು. ತೆಂಗಿನ ಬೇರು ಹಾಗೆ ದಪ್ಪವಾಗುತ್ತಾ ಹೋಗುವುದಿಲ್ಲ. ಇದನ್ನೇ ವರ್ಷವರ್ಷ ಮಕ್ಕಳಿಗೆ ಹೇಳಿ, ಮನೆಯಲ್ಲಿ ಮರೆಯುವುದು ಹೇಗೆ? "ಒಂದು ವರ್ಷ ತಡೀರಿ" ಎಂದೆ. ಎಲ್ಲರೂ ನಕ್ಕರು. ನಾನು ಹೇಳಿದೆ: "ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲಾ ಇಂಗಿ, ಕುಲುಕಿದರೆ ಗಡಗಡ ಅನ್ನುವ ತನಕ ಹತ್ತು ಹನ್ನೊಂದು ತಿಂಗಳು ಕಾಯುವ ಊರು ನಮ್ಮದು. ಒಂದು ಬಿರುಕಿಗೆ ಅಷ್ಟು ಕಾಯಲಾರೆವೇ?"

ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆದೆ: 3-4-2016. ಜಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿ ಹಿಡಿದು ಮಧ್ಯದ ಅಗಲವನ್ನೂ ಬರೆದೆ, ಅರ್ಧ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಅಗಲ ಐದು ಮಿಲಿಮೀಟರ್ ಮುಟ್ಟಿದರೆ, ಅಥವಾ ಬಾಗಿಲು ಕಿಟಕಿ ಹಿಡಿದುಕೊಳ್ಳತೊಡಗಿದರೆ ಅಂದೇ ಇಂಜಿನಿಯರನ್ನು ಕರೆಸುವುದೆಂದು ಯಜಮಾನರೊಂದಿಗೆ ಒಪ್ಪಂದವಾಯಿತು. ಕಾಯುವುದಕ್ಕೂ ಒಂದು ಮಿತಿ ಬೇಕಲ್ಲ!

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತು. ತೋಟಗಳಲ್ಲಿ ತೆಂಗಿನ ಗರಿಗಳು ಜೋತುಬಿದ್ದವು, ಎಷ್ಟೋ ಮರಗಳು ಸುಳಿ ಒಣಗಿ ನಿಂತವು. ಗೌರಿಹಬ್ಬಕ್ಕೆ ಬಿರುಕು ಎರಡು ಬೆರಳಷ್ಟು ಕೆಳಗಿಳಿದಿತ್ತು. ದೀಪಾವಳಿಗೆ ಇನ್ನೊಂದು ಬೆರಳು. ಪ್ರತಿ ಸಲವೂ ಗೆರೆ, ತಾರೀಖು. ಸಂಕ್ರಾಂತಿಯ ಹೊತ್ತಿಗೆ ಹಿತ್ತಲೆಲ್ಲಾ ಒಣಗಿ ನೆಲ ಬಾಯಿಬಿಟ್ಟಿದ್ದರೂ ಒಂದು ಮೂಲೆಯಲ್ಲಿ ಮಾತ್ರ, ಗೋಡೆಗೆ ಅಂಟಿಕೊಂಡು, ಗರಿಕೆ ಹಚ್ಚಗೆ ನಗುತ್ತಿತ್ತು. ಬಿರುಕು ಇದ್ದದ್ದು ಆ ಗೋಡೆಯಲ್ಲೇ.

ಆಳು ಕರೆಸಿ, ಗೋಡೆಯ ಹೊರಗೆ ಮೆಲ್ಲಗೆ, ಪಾಯದ ಬುಡಕ್ಕೆ ಇಳಿಯದಂತೆ ಅಗೆಸಿದೆವು. ಬೆರಳು ಗಾತ್ರದ ತೆಂಗಿನ ಬೇರುಗಳು ಸಿಕ್ಕವು. ಒಂದೂ ಪಾಯದ ಕಲ್ಲಿನೊಳಗೆ ಹೊಕ್ಕಿರಲಿಲ್ಲ. ಒಂದೂವರೆ ಅಡಿ ಆಳದಲ್ಲಿ ಬಚ್ಚಲಿನ ಹಳೆಯ ಮಣ್ಣಿನ ಕೊಳವೆ ಕೂಡಿಕೆಯಲ್ಲಿ ಬಿಟ್ಟುಕೊಂಡು, ಮೂವತ್ತು ವರ್ಷದ ಸೋಪಿನ ನೀರಿಗೆ ಅಲ್ಲಿನ ಅಂಟುಮಣ್ಣು ಹಿಟ್ಟಿನಂತೆ ಕಲಸಿಹೋಗಿತ್ತು. ಉಳಿದ ಪಾಯ ಬರದ ಒಣನೆಲದ ಮೇಲೆ, ಈ ಮೂಲೆ ಕೆಸರಿನ ಮೇಲೆ. ಮೂಲೆ ಕುಸಿಯದೆ ಏನು ಮಾಡೀತು? ಮೇಸ್ತ್ರಿ ಗುಂಡಿಯೊಳಗೆ ಬಗ್ಗಿ ನೋಡಿ, "ಮರದ್ದು ತಪ್ಪಿಲ್ಲ ಬಿಡಿ ಮೇಡಂ" ಎಂದ. ಆ ಮಾತು ಆ ಹೊತ್ತಿಗೆ ನನಗೆ ಅತ್ತೆಯವರ ಕಿವಿಗೂ ಬೀಳಬೇಕಿತ್ತು ಅನ್ನಿಸಿತು.

ಪಿವಿಸಿ ಕೊಳವೆ ಹಾಕಿಸಿ, ಕೆಸರು ತೆಗೆಸಿ, ಹೊಸ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸು ಮಾಡಿಸಿ, ಗೋಡೆಯ ಉದ್ದಕ್ಕೂ ನೀರು ಆಚೆ ಹರಿಯುವಂತೆ ಇಳಿಜಾರಾಗಿ ಚಪ್ಪಡಿ ಹಾಸಿಸಿದೆವು. ಮರಕ್ಕೆ ಬಚ್ಚಲ ನೀರನ್ನು ಒಂದು ಕಾಲುವೆಯಲ್ಲಿ ಬುಡಕ್ಕೇ ಬಿಟ್ಟೆವು. ಬಿರುಕನ್ನು ಆಗಲೇ ಮುಚ್ಚಲಿಲ್ಲ. ಮುಂದಿನ ಸಂಕ್ರಾಂತಿಯವರೆಗೆ ಗೆರೆ ಅಲುಗದೆ ನಿಂತ ಮೇಲೆ, ಬಿರುಕನ್ನು ಸ್ವಲ್ಪ ಕೆತ್ತಿ ಅಗಲ ಮಾಡಿ, ಧೂಳು ತೆಗೆದು, ನೀರು ಚಿಮುಕಿಸಿ ಗಾರೆ ತುಂಬಿಸಿದೆವು. ಮೊದಲೇ ಮುಚ್ಚಿದ್ದರೆ ಗೋಡೆ ನಮಗೆ ಹೇಳಬೇಕಾದ್ದನ್ನು ಹೇಳುವುದಕ್ಕೆ ಬಾಯೇ ಇರುತ್ತಿರಲಿಲ್ಲ.

ಹಾಗೆಂದು ಎಲ್ಲಕ್ಕೂ ನಾವೇ ಕೈ ಹಾಕಬೇಕೆಂದು ನಾನು ಹೇಳುವುದಿಲ್ಲ. ನೀರು, ಮಣ್ಣು, ಮರ, ಬಣ್ಣ ಇವಕ್ಕೆ ನಮ್ಮ ಕೈ. ಕರೆಂಟಿಗೆ ಲೈಸೆನ್ಸ್ ಇರುವ ವೈರ್‌ಮನ್. ಗ್ರೈಂಡರ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದರೆ "ಚಪ್ಪಲಿ ಹಾಕ್ಕೊಂಡು ಮುಟ್ಟಿ" ಎಂಬ ಸಲಹೆ ನಮ್ಮ ಹೆಂಗಸರಲ್ಲೇ ಚಾಲ್ತಿಯಲ್ಲಿದೆ. ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಜುಮ್ ಎನ್ನುವುದು ಅರ್ಥಿಂಗ್ ಸರಿಯಿಲ್ಲ, ಎಲ್ಲೋ ಕರೆಂಟು ಸೋರುತ್ತಿದೆ ಎಂಬ ಎಚ್ಚರಿಕೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದನೆಯ, ದಪ್ಪನೆಯ ಪಿನ್ ಇರುವುದೇ ಅರ್ಥಿಂಗಿಗೆ. ಅದನ್ನು ಬಿಟ್ಟು ಎರಡೇ ಪಿನ್ನಿನಲ್ಲಿ ಕೆಲಸ ನಡೆಸುವುದು, ಹೋದ ಫ್ಯೂಸಿಗೆ ದಪ್ಪ ತಂತಿ ಸುತ್ತುವುದು, ಎರಡೂ ಯಮನಿಗೆ ಬಾಗಿಲು ತೆರೆದಿಟ್ಟಂತೆ. ಎಂಸಿಬಿ ಕಾಪಾಡುವುದು ವೈರನ್ನು. ನಮ್ಮನ್ನು ಕಾಪಾಡುವುದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಬೇರೆ ಸಾಧನ ಬೇಕು. ಅದರಲ್ಲಿ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ. ತಟ್ಟನೆ ಕರೆಂಟು ಹೋದರೆ ಅದು ಎಚ್ಚರವಾಗಿದೆ ಎಂದರ್ಥ.

ಈಗ ನಮ್ಮ ಮನೆಗೂ ಒಂದು ಹಾಜರಿ ಪುಸ್ತಕವಿದೆ. ನೂರು ಪುಟದ ಶಾಲೆಯ ನೋಟ್‌ಬುಕ್ಕೇ. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ, ಯಾವ ಬಣ್ಣದ ಯಾವ ನಂಬರು, ಯಾವ ವಾಲ್ವ್ ಯಾವ ಕಡೆಗೆ ತಿರುಗಿಸಬೇಕು, ತಾರಸಿ ಗುಡಿಸಿದ್ದು ಯಾವಾಗ, ಎಲ್ಲಾ ಅದರಲ್ಲಿದೆ. ಅಮ್ಮನ ಪ್ರದಕ್ಷಿಣೆಯಲ್ಲಿ ಇದ್ದದ್ದು ಅವರ ಕಣ್ಣಿನಲ್ಲೇ ಉಳಿದು ಅವರೊಂದಿಗೇ ಹೋಯಿತು. ಕೇಳಿಸಿಕೊಂಡದ್ದು ಸ್ವಲ್ಪ, ಕೇಳಲು ಮರೆತದ್ದು ಬಹಳ. ಅದಕ್ಕೇ ಬರೆದಿಡುತ್ತೇನೆ. ನಿಮ್ಮಲ್ಲೂ ಇಂಥದೊಂದು ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಸಾಮಾನು ಪಟ್ಟಿ ಬರೆಯುವ ಪುಸ್ತಕದ ಹಿಂದಿನ ಪುಟದಿಂದಲೇ ಶುರುಮಾಡಿ.

ಕಳೆದ ತಿಂಗಳು ಪುಸ್ತಕ ತೆರೆದಾಗ ನನ್ನದಲ್ಲದ ಅಕ್ಷರದಲ್ಲಿ ಒಂದು ಸಾಲು ಕಂಡಿತು. ನಮ್ಮ ಸೊಸೆಯದು. "ಅಡುಗೆಮನೆ ಸಿಂಕಿನ ಕೆಳಗೆ ಒದ್ದೆ. ಬಟ್ಟೆ ಕಟ್ಟಿ ನೋಡುತ್ತಿದ್ದೇನೆ. ಇನ್ನೂ ಯಾರಿಗೂ ಹೇಳಿಲ್ಲ." ಕೆಳಗೆ ತಾರೀಖು ಹಾಕಿದ್ದಳು.