ತಂತಿ ಇಲ್ಲದ ಮರಗಸಿ

ಕಾಫಿ ತೋಟದಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ. ಇದೂ ಒಂದು ಹೇಳುವ ಮಾತೇ ಎಂದು ನಗಬೇಡಿ. ಕಳೆದ ಮೇ ತಿಂಗಳಿನಲ್ಲಿ ಸಕಲೇಶಪುರದ ಕಡೆಯ ನಮ್ಮ ಭಾವನ ತೋಟದಲ್ಲಿ ನಾಲ್ಕು ದಿನ ಮಾತು, ಲೆಕ್ಕ, ಸ್ವಲ್ಪ ಜಗಳ ಎಲ್ಲವೂ ನಡೆದದ್ದು ಇದೊಂದೇ ಸಂಗತಿಯ ಸುತ್ತ.

ಪೇಟೆಯ ಮಕ್ಕಳಿಗಾಗಿ ಮೊದಲು ಮರಗಸಿಯ ವಿಷಯ ಹೇಳಿಬಿಡುತ್ತೇನೆ. ಕಾಫಿ ಗಿಡಕ್ಕೆ ಪೂರ್ತಿ ಬಿಸಿಲೂ ಆಗದು, ಪೂರ್ತಿ ನೆರಳೂ ಆಗದು. ಅದಕ್ಕೇ ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಬಸರಿ ಇಂಥ ಮರಗಳ ಕೆಳಗೆ ಅದನ್ನು ಬೆಳೆಸುತ್ತಾರೆ. ಮಳೆಗಾಲದಲ್ಲಿ ಮೋಡ ಕವಿದು ಬೆಳಕು ಮೊದಲೇ ಕಡಿಮೆ. ಮೇಲಿನ ನೆರಳೂ ದಟ್ಟವಾಗಿದ್ದರೆ ಗಿಡದ ಎಲೆ ಒಣಗುವುದೇ ಇಲ್ಲ, ಕೊಳೆರೋಗ ಬರುತ್ತದೆ. (ಇಂಗ್ಲಿಷ್ ಪುಸ್ತಕಗಳಲ್ಲೂ ಆ ರೋಗಕ್ಕೆ ಕೊಳೆರೋಗ ಎಂಬ ನಮ್ಮ ಹೆಸರೇ ಇದೆ. ಹೆಮ್ಮೆಪಡುವ ವಿಷಯವೋ ಅಲ್ಲವೋ, ಇರಲಿ.) ಹಾಗಾಗಿ ಮಳೆ ಹಿಡಿಯುವ ಮುಂಚೆ ಕೊಂಬೆಗಳನ್ನು ಸವರಿ, ನಿಂತಲ್ಲಿಂದ ಆಕಾಶ ಕಾಣುವಂತೆ ಮಾಡಬೇಕು. ಅದೇ ಮರಗಸಿ.

ಇದಕ್ಕೆ ಮರ ಹತ್ತುವವರು ಬೇಕು. ಭಾವನ ತೋಟಕ್ಕೆ ಮೂವತ್ತು ವರ್ಷದಿಂದ ಬರುತ್ತಿರುವ ಮೇಸ್ತ್ರಿಗೆ ಈಗ ಅರವತ್ತರ ಆಸುಪಾಸು. ಮೊದಲು ಎಂಟು ಜನರ ತಂಡ ಕಟ್ಟಿಕೊಂಡು ಬರುತ್ತಿದ್ದವನು ಈಗ ಮೂವರೊಂದಿಗೆ ಬರುತ್ತಾನೆ. ಹುಡುಗರು ಹಾಸನಕ್ಕೋ ಬೆಂಗಳೂರಿಗೋ ಹೋದರು. ಇದನ್ನು ನೋಡಿ ಭಾವ ಒಂದು ಕರೆಂಟ್ ಗರಗಸ ತರಿಸಿದರು. ಪ್ಲಗ್ಗಿಗೆ ಸಿಕ್ಕಿಸಿದರೆ ಸರಪಳಿ ಗಿರಗಿರನೆ ಸುತ್ತುವಂಥದ್ದು, 1800 ವ್ಯಾಟಿನದು. ಪಂಪ್‌ಹೌಸಿನಿಂದ ತೋಟದ ನಡುವಿಗೆ ಇನ್ನೂರು ಮೀಟರ್ ವೈರ್ ಎಳೆದರೆ ಆಯಿತು ಎಂಬುದು ಅವರ ಯೋಜನೆ.

ಮೇಸ್ತ್ರಿ ಗರಗಸವನ್ನು ತಿರುಗಿಸಿ ನೋಡಿದ. ವೈರಿನ ಸುರುಳಿ ನೋಡಿದ. "ಬ್ಯಾಡ ಗೌಡ್ರೇ. ಕರೆಂಟ್ ತಂತಿ ಎಳ್ದ ಮರಾನ ನಾನು ಹತ್ತಲ್ಲ" ಎಂದುಬಿಟ್ಟ.

ಭಾವನಿಗೆ ಕೋಪ ಬಂತು. ನನಗೆ ಬರಲಿಲ್ಲ, ಏಕೆಂದರೆ ಅವನ ಅಣ್ಣನ ಕಥೆ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಬೇರೊಂದು ತೋಟದಲ್ಲಿ ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಎತ್ತಿ ಸಾಗಿಸುತ್ತಿದ್ದನಂತೆ. ಏಣಿಯ ತಲೆ ಮೇಲೆ ಹಾದುಹೋಗಿದ್ದ ಲೈನಿಗೆ ತಗುಲಿತು. ಅಷ್ಟೇ. ಮಲೆನಾಡಿನಲ್ಲಿ ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಈಗಲೂ ಓದುತ್ತೇವೆ. ನೀವು ತೋಟದ ಊರಿನ ಮಕ್ಕಳಾಗಿದ್ದರೆ ಏಣಿ ಎತ್ತುವ ಮುಂಚೆ ತಲೆ ಎತ್ತಿ ನೋಡಿ ಎಂದು ಮನೆಯಲ್ಲಿ ಹೇಳಿಯೇ ಇರುತ್ತಾರೆ. ಹೇಳದಿದ್ದರೆ ನಾನು ಹೇಳುತ್ತಿದ್ದೇನೆ.

ಜಗಳ ಬೆಳೆಯಬಾರದೆಂದು ನಾನು ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಹರಿದು ಹಿಂಬದಿಯಲ್ಲಿ ಲೆಕ್ಕಕ್ಕೆ ಕುಳಿತೆ. ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತಗಿರಿ. ಆದರೂ ಕೂಡಿಸಿ ಕಳೆಯುವುದಕ್ಕೆ ಯಾರ ಅಪ್ಪಣೆ ಬೇಕು? ಜೊತೆಗೆ ಹತ್ತನೇ ತರಗತಿಗೆ ಕಾಲಿಡಲಿದ್ದ ಮೊಮ್ಮಗಳಿದ್ದಳು. ಓಮನ ನಿಯಮ ಅವಳ ಪುಸ್ತಕದಲ್ಲೇ ಇದೆ.

1800 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8 ಆಂಪಿಯರ್. ಭಾವ ತಂದದ್ದು ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು. ಅಂಥ ತಂತಿಗೆ ಒಂದು ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. "ಇನ್ನೂರು ಮೀಟರ್ ಅಲ್ವಾ ತಾತ, ಹಾಗಾದ್ರೆ 2.4" ಎಂದಳು ಮೊಮ್ಮಗಳು. "ಅಲ್ಲ ಪುಟ್ಟಿ, ಕರೆಂಟ್ ಹೋಗಲೂಬೇಕು, ವಾಪಸ್ ಬರಲೂಬೇಕು. ನಾನೂರು ಮೀಟರ್." ಸರಿ, 4.8 ಓಮ್. ಅದನ್ನು 8ರಿಂದ ಗುಣಿಸಿದರೆ 38 ವೋಲ್ಟ್ ದಾರಿಯಲ್ಲೇ ಖರ್ಚು! ಪಂಪ್‌ಹೌಸಿನಲ್ಲಿ 230 ಇದ್ದರೆ ಗರಗಸಕ್ಕೆ 192. ಆ ಲೈನಿನಲ್ಲಿ 230 ನೋಡಿದವರು ಯಾರೂ ಇಲ್ಲ, ಅದು ಬೇರೆ ಮಾತು. ಕಳೆದುಹೋದ 38 ವೋಲ್ಟ್ ಸುಮ್ಮನೆ ಹೋಗುವುದಿಲ್ಲ, ವೈರನ್ನು ಬಿಸಿ ಮಾಡುತ್ತದೆ. 38ನ್ನು 8ರಿಂದ ಗುಣಿಸಿದರೆ 300 ವ್ಯಾಟ್, ಅಂದರೆ ನೂರು ವ್ಯಾಟಿನ ಮೂರು ಹಳೇ ಬಲ್ಬಿನ ಶಾಖ. ವೈರನ್ನು ಪೂರ್ತಿ ಬಿಚ್ಚದೆ ಸುರುಳಿಯಲ್ಲೇ ಬಿಟ್ಟು ಕೆಲಸ ಮಾಡಿದರೆ ಆ ಶಾಖವೆಲ್ಲ ಒಂದೇ ಕಡೆ ಸೇರಿ ಮೇಲಿನ ಪ್ಲಾಸ್ಟಿಕ್ ಕರಗಲೂಬಹುದು.

ಇದಕ್ಕಿಂತ ದೊಡ್ಡ ವಿಷಯ ಫ್ಯೂಸಿನದು. ಫ್ಯೂಸ್ ಇದೆಯಲ್ಲ, ಭಯವೇಕೆ ಎಂದು ಭಾವ ಕೇಳಿದರು. ಅನೇಕ ಹಿರಿಯರು ಹಾಗೇ ತಿಳಿದಿದ್ದಾರೆ. ಹತ್ತು ಆಂಪಿಯರಿನ ಫ್ಯೂಸ್ ಕರಗಬೇಕಾದರೆ ಹತ್ತಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಮನುಷ್ಯನಿಗೆ ಅಪಾಯವಾಗಲು ಅದರಲ್ಲಿ ನೂರನೇ ಒಂದು ಭಾಗವೂ ಬೇಡ. ಮೈಮೂಲಕ ಹರಿಯುವ 30 ಮಿಲಿಆಂಪಿಯರಿಗೇ ಕಟ್ ಆಗುವಂತೆ ಆರ್‌ಸಿಸಿಬಿ ಎಂಬ ಸಾಧನ ಮಾಡಿರುವುದು ಅದಕ್ಕೇ. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಭಾವನ ಪಂಪ್‌ಹೌಸಿನ ಹಲಗೆಯ ಮೇಲೆ ಇದ್ದದ್ದು ಫ್ಯೂಸ್ ಮಾತ್ರ. ಒದ್ದೆ ನೆಲ, ತರಗೆಲೆಯಡಿಯಲ್ಲಿ ವೈರು, ಸರಪಳಿಯ ಹಲ್ಲು ಆ ವೈರಿಗೇ ತಗುಲಿದರೆ? ಮೇಸ್ತ್ರಿಗೆ ಓಮನ ನಿಯಮ ಗೊತ್ತಿಲ್ಲ, ಆದರೆ ಅವನು ಹೇಳಿದ್ದೇ ಸರಿ ಎಂದು ಹಾಳೆಯ ಕೆಳಗೆ ಬರೆದು ಭಾವನ ಕೈಗೆ ಕೊಟ್ಟೆ.

ಮರುದಿನ ಭಾವ ಹೊಸ ದಾರಿ ಹುಡುಕಿದರು. ಮನೆಯ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಜೀಪಿನಲ್ಲಿಟ್ಟುಕೊಂಡು ಹೋಗುವುದು. ಬ್ಯಾಟರಿಯ ಮೇಲೆ 12 ವೋಲ್ಟ್, 150 ಆಂಪಿಯರ್ ಅವರ್ ಎಂದಿದೆ, ಗುಣಿಸಿದರೆ 1800. "ಹಾಗಾದ್ರೆ 1800 ವ್ಯಾಟಿನ ಗರಗಸ ಒಂದು ಗಂಟೆ ಓಡುತ್ತೆ!" ಎಂದು ಮೊಮ್ಮಗಳು ಕುಣಿದಳು. ಲೆಕ್ಕದ ಪ್ರಕಾರ ಸರಿ, ವ್ಯವಹಾರದಲ್ಲಿ ಇಲ್ಲ. ಆ 150 ಎಂಬುದು ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ತೆಗೆದರೆ ಸಿಗುವ ಮೊತ್ತ. ಅವಸರದಲ್ಲಿ ತೆಗೆದರೆ ಸೀಸದ ಬ್ಯಾಟರಿ ಅಷ್ಟು ಕೊಡುವುದಿಲ್ಲ, ಅರ್ಧ ಗಂಟೆಗೂ ಖಾತ್ರಿಯಿಲ್ಲ. ಪೂರ್ತಿ ಬರಿದು ಮಾಡಿದರೆ ಅದರ ಆಯುಸ್ಸೂ ಕಡಿಮೆ. ನಮ್ಮ ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಇದ್ದಂತೆ, ಒಂದಿಷ್ಟು ಉಳಿಸಲೇಬೇಕು. ಮೇಲಾಗಿ ಮನೆಯ 900 ವಿಎ ಇನ್ವರ್ಟರ್ ಇಂಥ ಗರಗಸವನ್ನು ಕಂಡರೆ ಕುಯ್ಯೆಂದು ಕೂಗಿ ನಿಂತುಬಿಡುತ್ತದೆ. ಭಾವ ಒಪ್ಪದೆ ಹಚ್ಚಿ ನೋಡಿದರು. ಕೂಗಿತು.

ಜನರೇಟರ್? ಪೆಟ್ರೋಲ್ ಸುಟ್ಟು ಕರೆಂಟ್ ಮಾಡಿ, ಆ ಕರೆಂಟಿನಿಂದ ಗರಗಸ ತಿರುಗಿಸುವುದು ಕೈ ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. ನೇರವಾಗಿ ಪೆಟ್ರೋಲ್ ಗರಗಸವನ್ನೇ ತರಬಹುದಲ್ಲ. ನಡುವೆ ಒಂದು ವೈರಂತೂ ಇದ್ದೇ ಇರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವರು 1926ರಲ್ಲಿ ಮೊದಲು ಮಾಡಿದ ಸರಪಳಿ ಗರಗಸವೂ ಕರೆಂಟಿನದೇ, ಇಬ್ಬರು ಹಿಡಿಯಬೇಕಾದಷ್ಟು ಭಾರದ್ದು. ಕಾಡಿನಲ್ಲಿ ಕರೆಂಟ್ ಎಲ್ಲಿಂದ ತರುವುದು? ಮೂರು ವರ್ಷದಲ್ಲಿ, 1929ಕ್ಕೆ, ಪೆಟ್ರೋಲಿನದು ಬಂತು. ಭಾವನ ಸಮಸ್ಯೆಗೆ ಹೆಚ್ಚುಕಡಿಮೆ ನೂರು ವರ್ಷ ವಯಸ್ಸು!

ಪೆಟ್ರೋಲನ್ನು ನಾನು ಹಳಿಯುವುದಿಲ್ಲ. ಒಂದು ಲೀಟರಿನಲ್ಲಿ ಸುಮಾರು 9 ಯೂನಿಟ್ ಕರೆಂಟಿಗೆ ಸಮನಾದ ಶಕ್ತಿ ಅಡಗಿದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಹಾಳುಮಾಡಿದರೂ ಉಳಿದದ್ದೇ ಬಹಳ. ದಪ್ಪ ಮರ ಕೊಯ್ಯಲು ಇವತ್ತಿಗೂ ಅದೇ ಸೈ. ಆದರೆ ಮೇಸ್ತ್ರಿಯ ಕೈ ಈ ವಯಸ್ಸಿನಲ್ಲಿ ಆ ನಡುಕ ತಾಳುವುದಿಲ್ಲ. ಸದ್ದಿಗೆ ಕೆಳಗಿನವರು ಕೂಗಿದ್ದು ಕೇಳಿಸುವುದೂ ಇಲ್ಲ. ಮರಗಸಿಯಲ್ಲಿ "ಕೊಂಬೆ ಬಂತು, ಸರ್ಕೋ!" ಎಂಬ ಕೂಗು ಕೇಳಿಸದಿದ್ದರೆ ತಲೆ ಹೋಯಿತು.

ಕೊನೆಗೆ ಪಕ್ಕದ ತೋಟದವರಿಂದ ಬ್ಯಾಟರಿ ಗರಗಸವೊಂದು ಎರವಲು ಬಂತು. ಉದ್ದ ಕೋಲಿನ ತುದಿಯಲ್ಲಿ ಸರಪಳಿ, ಹಿಡಿಯ ಬಳಿ ಇಟ್ಟಿಗೆಯಷ್ಟು ಗಾತ್ರದ ಬ್ಯಾಟರಿ. ಅದರ ಮೇಲೆ 36 ವೋಲ್ಟ್, 5 ಆಂಪಿಯರ್ ಅವರ್ ಎಂದು ಬರೆದಿತ್ತು. ಗುಣಿಸಿ: 180 ವ್ಯಾಟ್ ಅವರ್, ಒಂದು ಯೂನಿಟ್ಟಿನ ಐದನೇ ಒಂದು ಭಾಗವೂ ಇಲ್ಲ. ಇಷ್ಟರಲ್ಲಿ ಏನಾದೀತು ಎಂದು ಭಾವ ಮೂಗು ಮುರಿದರು. ಆದರೆ ಒಂದು ಕೊಂಬೆ ಕತ್ತರಿಸಲು ಬೇಕಾಗುವುದು ಕೆಲವೇ ಸೆಕೆಂಡು. ಉಳಿದ ಹೊತ್ತು ನೋಡುವುದು, ನಡೆಯುವುದು, ಬೀಡಿ ಹಚ್ಚುವುದು. ಆಗ ಬ್ಯಾಟರಿ ಖರ್ಚಾಗುವುದಿಲ್ಲ. ಮೊಮ್ಮಗಳು ಎಣಿಸಿದಳು: ಕೈಗಾತ್ರದ 64 ಕೊಂಬೆಗಳಿಗೆ ಬ್ಯಾಟರಿ ಮುಗಿಯಿತು.

ಈ ಬ್ಯಾಟರಿಯೊಳಗೆ ಇರುವುದು ಬೆರಳುದ್ದದ ಲಿಥಿಯಂ ಸೆಲ್‌ಗಳು. ಒಂದೊಂದೂ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಹತ್ತು ಸೆಲ್ ಸಾಲಾಗಿ ಜೋಡಿಸಿದರೆ 36 ಆಯಿತು. ಸಂತೆಯಲ್ಲಿ ಸಿಗುವ ಪುಟ್ಟ ಗರಗಸಗಳಲ್ಲಿ ಕೆಲವಕ್ಕೆ 48, 88 ಎಂದು ದೊಡ್ಡ ದೊಡ್ಡ ಅಂಕಿ ಬರೆದಿರುತ್ತಾರೆ. ಒಳಗೆ ಐದೇ ಸೆಲ್ ಇದ್ದರೆ 21 ವೋಲ್ಟಿನ ಮೇಲೆ ಬರಲು ಸಾಧ್ಯವೇ ಇಲ್ಲ. ಸೆಲ್ ಎಣಿಸಿ, 4.2ರಿಂದ ಗುಣಿಸಿ, ಆಮೇಲೆ ದುಡ್ಡು ಕೊಡಿ. ನನ್ನ ಓರಗೆಯವರಿಗೆ ಇನ್ನೊಂದು ಸಂತೋಷದ ಸುದ್ದಿ: ಈ ಬ್ಯಾಟರಿಗಾಗಿ 2019ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಎಪ್ಪತ್ತನಾಲ್ಕಕ್ಕೆ ನಾವು ಮುದುಕರಾದೆವು ಎನ್ನುವುದು ಹೇಗೆ?

ಮೇಸ್ತ್ರಿ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು, "ಇದ್ರಾಗೆ ತಂತಿ ಎಲ್ಲೂ ಇಲ್ವಾ?" ಎಂದು ಮೂರು ಸಲ ಕೇಳಿದ. ಆಮೇಲೆ ತನ್ನ ಷರತ್ತು ಹೇಳಿದ. ನೆಲದ ಮೇಲೆ ನಿಂತು ಕೋಲಿಗೆ ಎಟಕುವಷ್ಟನ್ನು ಇದರಲ್ಲಿ ಕೊಯ್ಯುತ್ತೇನೆ. ಮರದ ಮೇಲಕ್ಕೆ ಒಯ್ಯುವುದಿಲ್ಲ, ಅಲ್ಲಿ ಕತ್ತಿಯೇ ಸಾಕು. ಲೈನ್ ಹಾದುಹೋಗುವ ಕಡೆಯ ಮರಗಳನ್ನು, ಲೈನ್‌ಮನ್ ಬಂದು ಕರೆಂಟ್ ತೆಗೆಯುವವರೆಗೆ, ಯಾವುದರಿಂದಲೂ ಮುಟ್ಟುವುದಿಲ್ಲ. ಕೋಲಿನ ಗರಗಸದ ಕೋಲೂ ಅಲ್ಯೂಮಿನಿಯಂ ಆಗಿತ್ತು, ಅದನ್ನು ಅವನೇ ಉಗುರಿನಿಂದ ತಟ್ಟಿ ಪತ್ತೆಮಾಡಿದ. ಭಾವ ಮೂರಕ್ಕೂ ಒಪ್ಪಿದರು. ತಾವೂ ಅಂಥದ್ದೊಂದನ್ನು ಎರಡು ಬ್ಯಾಟರಿಯ ಸಮೇತ ತರಿಸಿದರು.

ಚಾರ್ಜಿಗೆ ಮನೆಯಲ್ಲಿ ಕರೆಂಟ್ ಇದ್ದರೆ ಚಿಂತೆಯಿಲ್ಲ. ಆದರೆ ಮೇ ಕೊನೆಯ ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಅದಕ್ಕಾಗಿ 100 ವ್ಯಾಟಿನ ಸೋಲಾರ್ ಫಲಕ ತಂದೆವು. ಅದನ್ನು ತೋಟದೊಳಗೆ ಇಟ್ಟರೆ ಪ್ರಯೋಜನವಿಲ್ಲ. ಒಂದು ಕೊಂಬೆಯ ನೆರಳು ಮೂಲೆಯಲ್ಲಿ ಬಿದ್ದರೂ ಫಲಕದ ಕರೆಂಟ್ ಬಹಳ ಕುಸಿಯುತ್ತದೆ. ಇಡೀ ತೋಟದಲ್ಲಿ ಬಯಲು ಎಂದರೆ ಕಾಫಿ ಒಣಗಿಸುವ ಕಣವೊಂದೇ. ಆ ಹೊತ್ತಿಗೆ ಕಣ ಖಾಲಿ. ಒಳ್ಳೆಯ ಬಿಸಿಲಿನ ದಿನ ನಷ್ಟವೆಲ್ಲ ಕಳೆದು 350 ವ್ಯಾಟ್ ಅವರ್ ಸಿಕ್ಕರೆ ಎರಡು ಬ್ಯಾಟರಿ ಹೆಚ್ಚುಕಡಿಮೆ ತುಂಬುತ್ತವೆ. ಮೊನ್ನೆ ಕೂಗಿ ನಿಂತಿದ್ದ ಅದೇ ಇನ್ವರ್ಟರ್ ಬ್ಯಾಟರಿ ಇಲ್ಲಿ ಕೆಲಸಕ್ಕೆ ಬಂತು: ಬಿಸಿಲನ್ನು ಹಗಲಿಡೀ ಕೂಡಿಟ್ಟುಕೊಂಡು ಗರಗಸದ ಚಾರ್ಜರಿಗೆ ನಿಧಾನವಾಗಿ ಕೊಟ್ಟಿತು. ಗರಗಸಕ್ಕೆ ಬೇಕಾದ ರಭಸ ಅದರಲ್ಲಿರಲಿಲ್ಲ, ಚಾರ್ಜರ್ ಕೇಳುವುದು ನೂರು ವ್ಯಾಟಿಗೂ ಕಡಿಮೆ. ಕೆಲಸ ಮುಗಿಸಿ ಬಂದ ಬಿಸಿ ಬ್ಯಾಟರಿಯನ್ನು ಆರುವವರೆಗೆ ನೆರಳಿನಲ್ಲಿಟ್ಟು ಆಮೇಲೆ ಚಾರ್ಜಿಗೆ ಹಾಕುವ ಕೆಲಸ ಮೊಮ್ಮಗಳದು. ಪಾಸ್‌ಬುಕ್ಕಿನ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಜಮಾ, ಖರ್ಚು ಎಂದು ಬರೆದಿಟ್ಟಳು.

ಹನ್ನೊಂದು ದಿನದಲ್ಲಿ ಕೆಳಗಿನ ಕೊಂಬೆಗಳೆಲ್ಲ ಮುಗಿದವು. ಮೇಲಿನದಕ್ಕೆ ಮೇಸ್ತ್ರಿ ಮತ್ತು ಮೂವರು ಇನ್ನೂ ಒಂದು ವಾರ ತೆಗೆದುಕೊಂಡರು. ಲೈನಿನ ಪಕ್ಕದ ನಾಲ್ಕು ಸಿಲ್ವರ್ ಓಕ್‌ಗಳು ಲೈನ್‌ಮನ್‌ಗಾಗಿ ಕಾದು ನಿಂತವು, ಅಷ್ಟರಲ್ಲಿ ಮಳೆ ಬಂತು. ಪ್ಲಗ್ಗಿನ ಗರಗಸವನ್ನು ಭಾವ ಮಾರಲಿಲ್ಲ. ಹಿತ್ತಿಲಿನ ಬಚ್ಚಲು ಒಲೆಯ ಬಳಿ, ಗೋಡೆಯ ಪ್ಲಗ್ಗಿನಿಂದ ಎರಡು ಮಾರು ದೂರದಲ್ಲಿ, ಹೊಸದಾಗಿ ಹಾಕಿಸಿದ ಆರ್‌ಸಿಸಿಬಿಯ ಕಾವಲಿನಲ್ಲಿ ಅದು ಮರಗಸಿಯ ಕೊಂಬೆಗಳನ್ನು ಸೌದೆಯಾಗಿ ತುಂಡು ಮಾಡುತ್ತಿದೆ.